ವಾರಿಜ ಸಿಸ್ಟರ್ ಕೊಟ್ಟ ಹಬೆ

ಮಕ್ಕಳು ಸೀನಿದ ಕೂಡಲೇ ಮನೆಗೆ ಫೋನ್ ಬರುವ ಕಾಲ ಅದಲ್ಲ. ಆಗೆಲ್ಲ ಮೂಗು ಸೋರುವ ಮಗುವೂ ಕ್ಲಾಸಿನಲ್ಲಿ ಕೂತಿರುತ್ತಿತ್ತು, ಅಂಗಿಯ ತೋಳಿನಲ್ಲಿ ಅದರ ಗುರುತು ಒಣಗಿರುತ್ತಿತ್ತು.

ಆರನೆಯ ತರಗತಿಗೆ ನನ್ನನ್ನು ಸೇರಿಸಿದ್ದು ಸುಬ್ರಹ್ಮಣ್ಯದ ದಾರಿಯಲ್ಲಿದ್ದ ಒಂದು ವಸತಿ ಶಾಲೆಗೆ. ನಮ್ಮ ಮನೆ ಗುತ್ತಿಗಾರಿನಿಂದಲೂ ಒಳಗೆ, ಕಾಡಿನ ಅಂಚಿನಲ್ಲಿ. ಐದನೆಯವರೆಗಿನ ಶಾಲೆ ಹತ್ತಿರವಿತ್ತು, ಮುಂದಿನದಕ್ಕೆ ಆನೆ ಇಳಿಯುವ ದಾರಿಯಲ್ಲಿ ನಡೆಯಬೇಕಿತ್ತು. ಹಾಗಾಗಿ ಒಂದೋ ಹಾಸ್ಟೆಲ್, ಇಲ್ಲವೇ ಓದು ಬಿಡುವುದು. ಅಪ್ಪನಿಗೆ ಮಗಳನ್ನು ದೂರ ಕಳಿಸುವುದು ಸುತರಾಂ ಇಷ್ಟವಿರಲಿಲ್ಲ. ಬಿಟ್ಟು ಹೋಗುವಾಗ ಗೇಟಿನ ಹತ್ತಿರ ಹೇಳಿದ್ದರು: "ನೀನು ಅಳ್ತಿ ಅಂತ ಗೊತ್ತಾದ್ರೆ ಮರುದಿನವೇ ಕರ್ಕೊಂಡು ಹೋಗ್ತೇನೆ. ಮತ್ತೆ ಶಾಲೆಯ ಸುದ್ದಿ ಇಲ್ಲ."

ನನಗೋ ಓದುವ ಹುಚ್ಚು. ಆದರೆ ಅಳುವೂ ಬರುತ್ತಿತ್ತಲ್ಲ, ಏನು ಮಾಡುವುದು! ದಸರಾ ರಜೆ ಮುಗಿಸಿ ವಾಪಸು ಬಂದ ಮೇಲಂತೂ ತಟ್ಟೆಯ ಮುಂದೆ ಕೂತರೆ ಸಾಕು, ಅನ್ನದ ಮೇಲೆ ಕಣ್ಣೀರು ಬೀಳುತ್ತಿತ್ತು.

ಅಷ್ಟರಲ್ಲಿ ಇಡೀ ಹಾಸ್ಟೆಲ್ಲಿಗೆ ಶೀತ ಹಿಡಿಯಿತು. ಮುಂಜಾನೆಯ ಮಂಜು, ತಣ್ಣೀರಿನ ಸ್ನಾನ, ಒದ್ದೆ ತಲೆಯಲ್ಲೇ ಪ್ರಾರ್ಥನೆ, ಹಿಡಿಯದೆ ಬಿಡುತ್ತದೆಯೇ? ಪ್ರಾರ್ಥನೆ ಮುಗಿದದ್ದೇ ನಮ್ಮ ಸಾಲು ವಾರಿಜ ಸಿಸ್ಟರ ಕೋಣೆಯ ಮುಂದೆ. ಅವರು ಶಾಲೆಯ ನರ್ಸು, ಐವರ್ನಾಡಿನವರು. ಹಿಂಗೈಯನ್ನು ನಮ್ಮ ಕುತ್ತಿಗೆಗೆ ತಾಗಿಸಿ, ಟಾರ್ಚ್ ಹಿಡಿದು ಗಂಟಲು ನೋಡುತ್ತಿದ್ದರು. ಜ್ವರವಿದ್ದವರಿಗೆ ಮಂಚ, ಗಂಜಿ, ಮನೆಗೆ ಒಂದು ಫೋನು. ಬರೀ ಮೂಗು ಸೋರುವವರಿಗೆ ಒಂದು ಲೋಟ ಬಿಸಿನೀರು, ಒಂದು ತುಂಡು ಬಟ್ಟೆ, ಮತ್ತೆ ಕ್ಲಾಸು. ಮಾತ್ರೆ ಕೇಳಿದರೆ ನಗುತ್ತಿದ್ದರು. "ಮಾತ್ರೆ ಎಂತಕೆ ಮಾರಾಯ್ತಿ? ನಾಲ್ಕು ದಿನ ಸೋರಿ ಅದೇ ನಿಲ್ತದೆ."

ಮೂಗು ಕಟ್ಟಿದವರಿಗೆ ಮಾತ್ರ ಹಬೆ. ಅಗಲ ಬಾಯಿಯ ಪಾತ್ರೆಯಲ್ಲಿ ಕುದಿದ ನೀರು, ಅದಕ್ಕೆ ತುಳಸಿ, ಎರಡು ಹನಿ ನೀಲಗಿರಿ ಎಣ್ಣೆ. ಪಾತ್ರೆಯ ಆಚೆ ಒಬ್ಬಳು, ಈಚೆ ಒಬ್ಬಳು, ಇಬ್ಬರ ಮೇಲೂ ಒಂದೇ ಕಂಬಳಿ. ಒಬ್ಬಳ ಶೀತ ಇನ್ನೊಬ್ಬಳಿಗೆ ಹರಡುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, "ಇಬ್ಬರಿಗೂ ಉಂಟಲ್ಲ, ಇನ್ನು ಹೊಸತಾಗಿ ಎಂತ ಹರಡುದು?" ಎನ್ನುತ್ತಿದ್ದರು.

ಮೊದಲ ದಿನ ನನ್ನ ಎದುರಿಗೆ ಕೂತವಳು ಕಡಬದ ಸಫಿಯಾ. ಕಂಬಳಿಯೊಳಗೆ ಕತ್ತಲೆ, ಬಿಸಿ, ತುಳಸಿಯ ಘಾಟು. ಕಣ್ಣು ಮೂಗು ಎಲ್ಲವೂ ಒಟ್ಟಿಗೇ ಸೋರತೊಡಗಿದವು. ಆ ಸಂದಿನಲ್ಲಿ ನನ್ನ ಅಳುವೂ ಹೊರಬಂತು. ತಡೆಯಲು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಆಚೆ ಕಡೆಯಿಂದಲೂ ಬಿಕ್ಕುವ ಸದ್ದು ಕೇಳಿತು.

"ನಿಂಗೂ ಮನೆ ನೆನಪಾ?" ಎಂದೆ.

"ಹ್ಞೂಂ," ಎಂದಳು ಸಫಿಯಾ.

ಹಬೆಯಾದ ಮೇಲೆ ಗಾಳಿ ತಾಗಬಾರದೆಂದು ಸಿಸ್ಟರ್ ನಮ್ಮನ್ನು ಮಂಚದಲ್ಲಿ ಮಲಗಿಸುತ್ತಿದ್ದರು. ಬಿಸಿಲಿನಲ್ಲಿ ಒಣಗಿದ ಹೊದಿಕೆಯ ವಾಸನೆ, ದೂರದ ಕ್ಲಾಸಿನಲ್ಲಿ ಮಗ್ಗಿ ಹೇಳುವ ಸ್ವರ, ಯಾತ್ರಿಕರ ಬಸ್ಸು ಏರು ಹತ್ತುವ ಗುರುಗುರು. ಕಿಟಕಿಯಿಂದ ಬಂದ ಬೆಳಕಿನಲ್ಲಿ ಧೂಳಿನ ಕಣಗಳು ಮೆಲ್ಲಗೆ ಇಳಿಯುತ್ತಿದ್ದವು. ನೋಡುತ್ತಾ ನೋಡುತ್ತಾ ನಾನು ನಿದ್ದೆಯಲ್ಲಿದ್ದೇನೋ ಎಚ್ಚರವಿದ್ದೇನೋ, ಹಾಸ್ಟೆಲ್ಲಿನಲ್ಲೋ ಅಮ್ಮನ ಪಕ್ಕದಲ್ಲೋ, ತಿಳಿಯುತ್ತಲೇ ಇರಲಿಲ್ಲ. ಅಷ್ಟು ಹಗುರವಾದ ನಿದ್ದೆ ನನಗೆ ಮತ್ತೆ ಬಂದಿಲ್ಲ.

ನನ್ನ ಮೂಗು ಸರಿಯಾದ ಮೇಲೂ ನಾನು ಸಾಲಿನಲ್ಲಿ ನಿಂತೆ. ಸಿಸ್ಟರ್ ಕುತ್ತಿಗೆ ಮುಟ್ಟಿದರು, ಗಂಟಲು ನೋಡಿದರು, ಆಮೇಲೆ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. "ಇನ್ನೂ ಹೋಗ್ಲಿಲ್ಲ ನಿನ್ನ ಶೀತ. ಕೂತ್ಕೋ," ಎಂದು ಕಂಬಳಿ ಬಿಡಿಸಿದರು.

ಆದರೆ ವಾರ್ಡನ್ ಮೇಡಂ ನನ್ನ ಕೆಂಪು ಕಣ್ಣು ನೋಡಿ ಮನೆಗೆ ಸುದ್ದಿ ಮುಟ್ಟಿಸಿಬಿಟ್ಟಿದ್ದರು. ಮರುದಿನ ಬೆಳಿಗ್ಗೆಯೇ ಅಪ್ಪ ಜೀಪು ಹಿಡಿದು ಬಂದರು. ನನ್ನ ಬಟ್ಟೆ ತುಂಬಲು ಚೀಲವನ್ನೂ ತಂದಿದ್ದರು. ಅದನ್ನು ಕಂಡದ್ದೇ ನಾನು ಸಿಸ್ಟರ ಕೋಣೆಗೆ ಓಡಿದೆ, ಅಪ್ಪನೂ ಹಿಂದೆಯೇ ಬಂದರು.

"ಮಗಳು ಅಳ್ತಾಳಂತೆ, ಸಿಸ್ಟ್ರೇ?"

"ಯಾರು ಹೇಳಿದ್ದು ಗೌಡ್ರೇ? ಅವಳಿಗೆ ಶೀತ."

"ಕಣ್ಣು ಕೆಂಪಾಗಿದೆಯಲ್ಲ?"

"ಶೀತದಲ್ಲಿ ಕಣ್ಣೂ ಸೋರ್ತದೆ." ಸಿಸ್ಟರ್ ಅಪ್ಪನ ಮುಖವನ್ನೇ ನೋಡುತ್ತಿದ್ದರು. "ನಿಮ್ಮದೂ ಸೋರ್ತಾ ಉಂಟಲ್ಲ?"

ಅಪ್ಪ ತಟ್ಟನೆ ಕಣ್ಣೊರೆಸಿಕೊಂಡರು. "ಅದು ಜೀಪಿನಲ್ಲಿ ಗಾಳಿ ಬಡಿದು..."

"ಹಾಗಾದ್ರೆ ನಿಮಗೂ ಶೀತವೇ. ಕೂತುಕೊಳ್ಳಿ, ಹಬೆ ಹಿಡೀರಿ. ನೀರು ಬಿಸಿ ಉಂಟು."

ಊರಿನಲ್ಲಿ ಯಾರ ಮಾತನ್ನೂ ಕೇಳದ ಅಪ್ಪ ಚೀಲ ಕೆಳಗಿಟ್ಟು ಕೂತರು. ಸಿಸ್ಟರ್ ನಮ್ಮಿಬ್ಬರ ಮೇಲೂ ಕಂಬಳಿ ಹೊದಿಸಿದರು. ಕತ್ತಲೆಯಲ್ಲಿ ಅಪ್ಪನ ಮುಖ ಕಾಣುತ್ತಿರಲಿಲ್ಲ, ಉಸಿರು ಕೇಳುತ್ತಿತ್ತು. ಮೊದಲು ಮೂಗೆಳೆದರು, ಆಮೇಲೆ ನಾವು ಮನೆಯಲ್ಲಿ ಆಡುವ ಅರೆಭಾಷೆಯಲ್ಲಿ, ಯಾರಿಗೂ ಕೇಳದಂತೆ ಮಾತಾಡಿದರು. ನನ್ನ ಗಲಾಟೆಯಿಲ್ಲದೆ ಅವರಿಗೆ ಅನ್ನ ಸೇರುವುದಿಲ್ಲವಂತೆ. ಸಂಜೆಯಾದರೆ ಹೊರಗೇ ಕೂರುತ್ತಾರಂತೆ. ಹೇಳುತ್ತಾ ಹೇಳುತ್ತಾ ಅಪ್ಪ ಅತ್ತರು. ಅವರು ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಹೆದರಿಕೆಯಾಯಿತು, ಪ್ರೀತಿಯೂ ಉಕ್ಕಿ ಬಂತು. ನಾನೂ ಅತ್ತೆ. ಕೊನೆಗೆ ಹೇಳಿದೆ, "ಆದ್ರೂ ನಾನು ಇಲ್ಲೇ ಓದ್ತೇನೆ ಅಪ್ಪ."

ಅಪ್ಪ ಕಂಬಳಿ ಸರಿಸಿ ಎದ್ದರು. ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡು, ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡರು. "ಶೀತವೇ ಸಿಸ್ಟ್ರೇ. ಸ್ವಲ್ಪ ನೋಡಿಕೊಳ್ಳಿ," ಎಂದು ಹೇಳಿ ಒಬ್ಬರೇ ಗೇಟು ದಾಟಿದರು.

ಈಗ ನಾನು ಪುತ್ತೂರಿನಲ್ಲಿದ್ದೇನೆ. ಮಗನಿಗೆ ಒಂದು ಸೀನು ಬಂದರೆ ಶಾಲೆಯಿಂದ ಮೆಸೇಜ್ ಬರುತ್ತದೆ, ಬಂದು ಕರೆದುಕೊಂಡು ಹೋಗಿ ಎಂದು. ಅವರದ್ದು ತಪ್ಪೆನ್ನಲಾರೆ. ಕೊರೊನಾ ಕಾಲವನ್ನು ಕಂಡವರಿಗೆ ಸೀನಿನ ಭಯ ಇರುವುದೇ. ಆದರೆ ನಮ್ಮ ಕಾಲದಲ್ಲಿ ಈ ಪದ್ಧತಿ ಇದ್ದಿದ್ದರೆ ನಾನು ಮೊದಲ ಶೀತಕ್ಕೇ ಮನೆ ಸೇರುತ್ತಿದ್ದೆ, ಓದು ಅಲ್ಲಿಗೇ ಮುಗಿಯುತ್ತಿತ್ತು.

ಅಪ್ಪ ಹೋದ ವರ್ಷ ತೀರಿಕೊಂಡರು. ಓದಿದ ಮಗಳೆಂದು ಮನೆಯವರು ಎಲ್ಲ ವ್ಯವಸ್ಥೆಯನ್ನೂ ನನ್ನ ಕೈಗೇ ಬಿಟ್ಟರು, ನಾನೂ ಓಡಾಡಿ ಮಾಡಿದೆ. "ಗಟ್ಟಿ ಹುಡುಗಿ, ಒಂದು ಹನಿ ಕಣ್ಣೀರು ಹಾಕ್ಲಿಲ್ಲ," ಎಂದರು ಬಂದವರು. ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿ, ನಿನಗೆ ಶೀತವಾಗಿದೆ, ಬಾ ಕೂತ್ಕೋ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ.