ಬೀಗದ ಗುರುತು ಮತ್ತು ಓ ನೆಗೆಟಿವ್ ಮಲ್ಲವ್ವ

ನಮ್ಮ ಮನೆಯ ಪಡಸಾಲೆಯಲ್ಲಿ, ಬುದ್ಧನ ಚಿತ್ರಪಟದ ಕೆಳಗೆ ಗೋಡೆಯಲ್ಲಿರುವ ಮಾಡದೊಳಗೆ, ಹಳೆಯ ಕ್ಯಾಲೆಂಡರಿನ ಹಾಳೆ ಹೊದ್ದ ಒಂದು ನೋಟುಪುಸ್ತಕವಿದೆ. ಬೈಲಹೊಂಗಲದ ರಕ್ತಪರೀಕ್ಷಾ ಕೇಂದ್ರವೊಂದರಲ್ಲಿ, ಗಾಜಿನ ಪಟ್ಟಿಯ ಮೇಲೆ ಹನಿ ಬೀಳಿಸಿ ಅದು ಗಂಟುಗಟ್ಟುತ್ತದೋ ಇಲ್ಲವೋ ಎಂದು ನೋಡುವುದರಲ್ಲೇ ನನ್ನ ನೌಕರಿಯ ವರ್ಷಗಳೆಲ್ಲ ಕಳೆದವು. ಹಾಗೆ ನೋಡುವಾಗ, ‘ಬೇಕಾದಾಗ ಕರೀರಿ, ರಕ್ತ ಕೊಡತೇವಿ’ ಎಂದವರ ಹೆಸರು, ಗುಂಪು, ಫೋನ್ ನಂಬರುಗಳನ್ನು ಈ ಪುಸ್ತಕದಲ್ಲಿ ಬರೆದಿಡುತ್ತ ಬಂದೆ. ಸವದತ್ತಿಯ ಗೌಡರ ಪಕ್ಕದಲ್ಲೇ ರಾಮದುರ್ಗದ ನೇಕಾರರು, ಅವರ ಕೆಳಗೆ ಸಂಗೊಳ್ಳಿಯ ರೈತರು, ಹೀಗೆ ಊಟದ ಪಂಕ್ತಿಯಲ್ಲಿ ಎಂದೂ ಹತ್ತಿರ ಕೂರದವರೆಲ್ಲ ನನ್ನ ಹಾಳೆಗಳಲ್ಲಿ ಮೈಗೆ ಮೈ ತಾಗಿಸಿ ಕೂತಿದ್ದರು.

ನಿವೃತ್ತನಾದ ಮೇಲೆ ಈ ಪಟ್ಟಿಗೊಂದು ಜಾಲತಾಣ ಮಾಡಬೇಕೆಂಬ ಹುಚ್ಚು ಹತ್ತಿತು. ನಮ್ಮ ಪಕ್ಕದ ಮನೆಯ ಸವಿತಾ ಕಂಪ್ಯೂಟರ್ ತರಗತಿಯಲ್ಲಿ ಕಲಿಸುವವಳು. ಒಂದು ವಾರದಲ್ಲಿ ಮಾಡಿಕೊಟ್ಟಳು. ರಕ್ತ ಬೇಕಾದವರು ತೆರೆದರೆ ಸಾಕು, ಹೆಸರು ನಂಬರು ಎಲ್ಲ ಕಣ್ಣ ಮುಂದೆ. ಕೊಡಬಯಸುವವರು ತಾವೇ ತಮ್ಮ ವಿವರ ತುಂಬಬಹುದು. ಕಂಡಕಂಡವರಿಗೆಲ್ಲ ಅದನ್ನು ತೋರಿಸುತ್ತ ನಾನು ಎಷ್ಟು ಬೀಗಿದೆನೆಂದರೆ, ನನ್ನ ಹೆಂಡತಿ ನಾನು ಫೋನ್ ಕೈಗೆತ್ತಿಕೊಂಡ ಕೂಡಲೆ ಒಳಗೆ ಎದ್ದು ಹೋಗತೊಡಗಿದಳು.

ಬೀಗಿದವನಿಗೆ ಬೀಗವಿಲ್ಲ ಎಂದು ತಿಳಿದದ್ದು ಕಿತ್ತೂರಿನಲ್ಲಿ. ಅಲ್ಲಿ ಗೆಳೆಯರು ಏರ್ಪಡಿಸಿದ್ದ ಶಿಬಿರದಲ್ಲಿ ಮಲ್ಲವ್ವ ಎಂಬ ದರ್ಜಿ ಹೆಣ್ಣುಮಗಳ ರಕ್ತ ಪರೀಕ್ಷಿಸಿದಾಗ ಅದು ಓ ನೆಗೆಟಿವ್ ಎಂದು ಗೊತ್ತಾಯಿತು. ಓದುವ ಗೆಳೆಯರೇ, ಈ ಗುಂಪು ನಮ್ಮಲ್ಲಿ ಬಹಳ ವಿರಳ. ನನ್ನ ಪುಸ್ತಕದಲ್ಲಿ ಇಬ್ಬರೇ ಇದ್ದರು. ಒಬ್ಬರಿಗೆ ಕೊಡುವ ವಯಸ್ಸು ಮೀರಿತ್ತು, ಇನ್ನೊಬ್ಬರು ಪುಣೆಗೆ ಹೋಗಿ ನೆಲೆಸಿದ್ದರು. ನಾನು ಅವಳ ಅಂಗಡಿಗೇ ಹೋಗಿ, ತಾಣದ ಹೆಸರು ಹೇಳಿ, ವಿವರ ತುಂಬಲು ಕೇಳಿಕೊಂಡೆ. ಅವಳು ತೆರೆದು ನೋಡಿ ಫೋನನ್ನು ನನ್ನತ್ತ ತಿರುಗಿಸಿದಳು. ವಿಳಾಸದ ಪಕ್ಕದಲ್ಲಿ ‘ಸುರಕ್ಷಿತವಲ್ಲ’ ಎಂದಿತ್ತು.

“ಸುರಕ್ಷಿತ ಅಲ್ಲಂತ ಫೋನ ಹೇಳಾಕತ್ತೈತ್ರಿ ಸರ. ನನ್ನ ನಂಬರ ನಾ ಹಾಕಂಗಿಲ್ಲ,” ಎಂದವಳೇ ಹೊಲಿಗೆಯಂತ್ರ ತುಳಿಯತೊಡಗಿದಳು.

ಮುಖಕ್ಕೆ ಹೊಡೆದಂತಾಯಿತು. ನೌಕರಿಯುದ್ದಕ್ಕೂ ಯಾರ ರಕ್ತದ ವಿಷಯವನ್ನೂ ಇನ್ನೊಬ್ಬರಿಗೆ ಹೇಳದವನು ನಾನು! ಬಸ್ಸಿಳಿದವನು ನೆಟ್ಟಗೆ ಸವಿತಾಳ ಮನೆಗೆ ಹೋದೆ. ಅವಳು ನಕ್ಕು, “ನೀವು ಕೆಟ್ಟವ್ರು ಅಂತ ಅಲ್ಲ ಕಾಕಾ. ಈಗ ಮಂದಿ ಬರದದ್ದು ತೆರದ ಟಪಾಲ ಕಾರ್ಡಿನಂಗ ಹೊಂಟೈತಿ, ನಡುದಾರ್ಯಾಗ ಯಾರರ ಓದಬಹುದು. ಎಸ್‌ಎಸ್‌ಎಲ್ ಪ್ರಮಾಣಪತ್ರ ಹಾಕಿದ್ರ ಲಕೋಟಿಯೊಳಗ ಹೋಗತೈತಿ,” ಎಂದಳು. ಹಾಕಿಕೊಡು ಎಂದರೆ ಒಪ್ಪಲಿಲ್ಲ. “ನೀವ ಹಾಕ್ರಿ. ನಾ ಬಾಜೂಕ ಕುಂತಿರತೇನಿ.”

ಹೀಗೆ ಅರವತ್ತು ದಾಟಿದ ಮೇಲೆ ನನ್ನ ಅಕ್ಷರಾಭ್ಯಾಸ ಮತ್ತೊಮ್ಮೆ ಆಯಿತು. ಪ್ರಮಾಣಪತ್ರ ಕೊಡುವವರು ನಮ್ಮ ಬಾಯಿಮಾತನ್ನು ನಂಬುವುದಿಲ್ಲ. ಅರ್ಥವಿಲ್ಲದ ಅಕ್ಷರಗಳ ಒಂದು ಕಡತ ಕೊಟ್ಟು, ‘ಇದನ್ನು ನಿಮ್ಮ ತಾಣದ ಇಂಥ ಕೋಣೆಯಲ್ಲಿ ಇಡಿ, ನಾವು ಬಂದು ನೋಡುತ್ತೇವೆ’ ಎನ್ನುತ್ತಾರೆ. ಇಟ್ಟದ್ದು ಅಲ್ಲೇ ಸಿಕ್ಕರೆ ಮನೆ ನಮ್ಮದೆಂದು ಸಿದ್ಧವಾಯಿತು. ನನ್ನದು ಎರಡನೆಯ ಸಲಕ್ಕೆ ಸಿಕ್ಕಿತು. ಮೊದಲ ಸಲ ಬೇರೆ ಕೋಣೆಯಲ್ಲಿ ಇಟ್ಟಿದ್ದೆ. ಆಮೇಲೆ ಪ್ರಮಾಣಪತ್ರವೂ ಅದರ ಜೊತೆಗೊಂದು ಖಾಸಗಿ ಕೀಲಿಯೂ ಬಂದವು. ಉದ್ದುದ್ದ ಅಕ್ಷರಮಾಲೆಯಂತಿದ್ದ ಆ ಕೀಲಿಯನ್ನು ಕಂಡ ಸಂಭ್ರಮದಲ್ಲಿ ಅದರ ಚಿತ್ರ ತೆಗೆದು ನಿವೃತ್ತ ಗೆಳೆಯರ ಗುಂಪಿಗೆಲ್ಲ ಕಳಿಸಿಬಿಟ್ಟೆ.

“ಅಯ್ಯ ಕಾಕಾ! ಮನಿ ಕೀಲಿ ಸಂತ್ಯಾಗ ತೂಗಹಾಕಿ ಬಂದ್ರಲ್ಲ!” ಎಂದು ಸವಿತಾ ತಲೆ ಚಚ್ಚಿಕೊಂಡಳು. ಆ ಪ್ರಮಾಣಪತ್ರವನ್ನು ರದ್ದು ಮಾಡಿಸಿ, ಹೊಸ ಕೀಲಿ ಮಾಡಿಕೊಂಡು, ಮೊದಲಿನಿಂದ ಶುರುಮಾಡಿದೆವು. ಮೂರು ಡಬ್ಲ್ಯು ಇರುವ ವಿಳಾಸ, ಇಲ್ಲದ ವಿಳಾಸ ಎರಡನ್ನೂ ಪತ್ರದಲ್ಲಿ ಸೇರಿಸಬೇಕೆಂಬುದು ಆಗ ತಿಳಿಯಿತು. ಬೀಗವಿಲ್ಲದ ಹಳೆಯ ವಿಳಾಸದಿಂದ ಬಂದವರನ್ನು ಸುರಕ್ಷಿತವಾದ ಹೊಸ ದಾರಿಗೆ ತಿರುಗಿಸುವ ಏರ್ಪಾಡೂ ಆಯಿತು. ಈ ಪತ್ರಕ್ಕೆ ಆಯುಷ್ಯ ಕಡಿಮೆಯಂತೆ. ಕೆಲವೇ ತಿಂಗಳಿಗೊಮ್ಮೆ ತಾನಾಗಿ ನವೀಕರಣಗೊಳ್ಳುವಂತೆ ಒಂದು ಗುಂಡಿ ಒತ್ತಿಸಿದಳು. ಮೂರನೆಯ ದಿನ ಬೆಳಗಿನ ಚಹಾದ ಹೊತ್ತಿಗೆ ವಿಳಾಸದ ಪಕ್ಕ ಪುಟ್ಟದೊಂದು ಬೀಗದ ಗುರುತು ಮೂಡಿತು. ಅದಕ್ಕೆ ಕೈಮುಗಿಯುವುದೊಂದು ಬಾಕಿ.

ಆ ಬೀಗವನ್ನು ನೋಡುತ್ತ ನನಗೆ ಅನಿಸಿದ್ದುಂಟು: ಇದು ನಾನು ಒಳ್ಳೆಯವನೆಂದು ಹೇಳುವುದಿಲ್ಲ, ಜಾಣನೆಂದೂ ಹೇಳುವುದಿಲ್ಲ; ಈ ಹೆಸರು ಇವನದೇ, ಇವನೊಡನೆ ಆಡಿದ ಮಾತು ನಡುದಾರಿಯಲ್ಲಿ ಸೋರುವುದಿಲ್ಲ ಎಂದಷ್ಟೇ ಹೇಳುತ್ತದೆ. ಮನುಷ್ಯರ ಬಗ್ಗೆ ಇಷ್ಟು ಮಿತವಾಗಿ, ಇಷ್ಟು ನಿಖರವಾಗಿ ಸಾಕ್ಷಿ ನುಡಿಯುವವರು ಎಷ್ಟು ಮಂದಿ ಸಿಕ್ಕಾರು? ಆದರೆ ಆ ಮಿತಿಯ ಅರ್ಥ ನನಗೆ ಪೂರ್ತಿ ತಿಳಿದಿರಲಿಲ್ಲ. ಅದನ್ನು ತಿಳಿಸಿದವಳೂ ಮಲ್ಲವ್ವನೇ.

ಮರುದಿನವೇ ಕಿತ್ತೂರಿಗೆ ಹೋಗಿ ಅವಳಿಗೆ ಬೀಗ ತೋರಿಸಿದೆ. ಅವಳು ತಲೆದೂಗಿ, ಬೆರಳಿನಿಂದ ಪುಟವನ್ನು ನಿಧಾನವಾಗಿ ಮೇಲೆ ಸರಿಸುತ್ತ ಹೋದಳು. ಪಟ್ಟಿ ಬಂತು. ಬೆರಳು ನಿಂತಿತು.

“ದಾರಿಗೆ ಬೀಗ ಹಾಕೀರಿ, ಖರೆ. ಮನಿಯೊಳಗ ಗ್ವಾಡಿ ಮ್ಯಾಲ ಎಲ್ಲಾರ ನಂಬರ ಬರದ ಇಟ್ಟೀರಲ್ರಿ?”

ಅವಳು ಫೋನನ್ನು ನನ್ನ ಕೈಗೆ ಕೊಟ್ಟು ಹೇಳಿದಳು. ಹಿಂದೊಮ್ಮೆ ಅಂಗಡಿಯ ಫಲಕದ ಮೇಲೆ ನಂಬರು ಬರೆಸಿದ್ದಳಂತೆ. ಹೊಲಿಗೆಗೆಂದು ಬಂದ ಕರೆಗಳಿಗಿಂತ ಹೊಲಸು ಮಾತಿನ ಕರೆಗಳೇ ಹೆಚ್ಚಾಗಿ, ಕೊನೆಗೆ ಫಲಕಕ್ಕೆ ಬಣ್ಣ ಬಳಿದು, ನಂಬರನ್ನೇ ಬದಲಿಸಿದಳಂತೆ. “ರಕ್ತ ಬೇಕಂದ್ರ ಈಗ ಕೊಡತೇನ್ರಿ ಸರ. ಕೈ ಚಾಚಂದ್ರ ಚಾಚತೇನಿ. ಹಾದ್ಯಾಗ ಹೋಗಾವ್ರಿಗೆಲ್ಲ ನಂಬರ ಕೊಡಂಗಿಲ್ಲ.”

ಕಿತ್ತೂರಿನ ಬಸ್ ನಿಲ್ದಾಣದಲ್ಲೇ ನಿಂತು ಸವಿತಾಳಿಗೆ ಫೋನ್ ಮಾಡಿ ಪಟ್ಟಿಯನ್ನು ತೆಗೆಸಿದೆ. ಮನೆಗೆ ಬಂದು ಪಟ್ಟಿಯಲ್ಲಿದ್ದ ಹೆಣ್ಣುಮಕ್ಕಳಿಗೆ ಒಬ್ಬೊಬ್ಬರಿಗೂ ಕರೆ ಮಾಡಿ, ಅಂಥ ಹೊಲಸು ಕರೆಗಳೇನಾದರೂ ಬಂದವೇ ಎಂದು ಕೇಳಿದೆ. ಹೆಚ್ಚಿನವರು ಏನೂ ಆಗಿಲ್ಲವೆಂದರು. ರಾಮದುರ್ಗದ ಒಬ್ಬ ಶಿಕ್ಷಕಿ ಮಾತ್ರ, “ಬರತಿದ್ದೂರಿ ಸರ, ಅಂಥಾ ಫೋನು. ನೀವು ಒಳ್ಳೆ ಕೆಲಸ ಮಾಡಾಕತ್ತೀರಿ, ನಿಮಗ ಹೆಂಗ ಹೇಳೂದಂತ ಬಿಟ್ಟೆ,” ಎಂದರು. ಕ್ಷಮೆ ಕೇಳಿದೆ. ಅವರು ಇರಲಿ ಬಿಡ್ರಿ ಎಂದರು. ಆ ‘ಇರಲಿ’ ಇವತ್ತಿಗೂ ನನ್ನೆದೆಯಲ್ಲಿ ಚುಚ್ಚುತ್ತ ಇದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ಭಾವನೆಗಿಂತ ದಪ್ಪನೆಯ ಪರದೆ ಇನ್ನೊಂದಿಲ್ಲ. ಅದರ ಹಿಂದೆ ನಿಂತು ಯಾರ ಕಾಲನ್ನು ತುಳಿಯುತ್ತಿದ್ದೇನೆಂದು ನಾನು ನೋಡಿರಲೇ ಇಲ್ಲ.

ಈಗ ತಾಣದಲ್ಲಿ ಯಾರ ಹೆಸರೂ ಕಾಣುವುದಿಲ್ಲ. ರಕ್ತ ಬೇಕಾದವರು ತಮ್ಮ ಅಗತ್ಯ ಬರೆಯುತ್ತಾರೆ. ನಾನೋ ಸವಿತಾಳೋ ಕೊಡುವವರಿಗೆ ಕರೆ ಮಾಡುತ್ತೇವೆ. ಅವರು ಒಪ್ಪಿದರೆ ಮುಂದಿನ ಮಾತು. ಇದೆಲ್ಲವನ್ನೂ ಕೂತು ಕೇಳಿ, ಎರಡು ಸಲ ತಿರುಗಿಸಿ ಕೇಳಿ, ಮಲ್ಲವ್ವ ತನ್ನ ನಂಬರು ತುಂಬಿದಳು.

ಕೆಲವು ತಿಂಗಳ ಮೇಲೆ ಒಂದು ಮುಂಜಾನೆ ಮನೋಳಿಯವರೊಬ್ಬರ ಕೋರಿಕೆ ಬಂತು. ಮಗಳನ್ನು ಹೆರಿಗೆಗೆಂದು ಧಾರವಾಡದ ಆಸ್ಪತ್ರೆಗೆ ಸೇರಿಸಿದ್ದರು, ರಕ್ತಸ್ರಾವ ನಿಲ್ಲುತ್ತಿರಲಿಲ್ಲ, ಗುಂಪು ಓ ನೆಗೆಟಿವ್, ಆಸ್ಪತ್ರೆಯಲ್ಲಿದ್ದ ಒಂದು ಚೀಲ ರಕ್ತ ಮುಗಿಯುತ್ತ ಬಂದಿತ್ತು. ಕಿತ್ತೂರಿಗೆ ಕರೆ ಮಾಡಿದೆ. “ಅಂಗಡಿ ಮುಚ್ಚಿ ಬರತೇನ್ರಿ,” ಎಂದಷ್ಟೇ ಹೇಳಿ ಇಟ್ಟಳು. ನಾನು ಧಾರವಾಡ ಮುಟ್ಟುವಷ್ಟರಲ್ಲಿ ಅವಳು ಆಗಲೇ ಹಾಸಿಗೆಯ ಮೇಲೆ ಮಲಗಿ ಮುಷ್ಟಿ ಬಿಗಿಯುತ್ತ ಬಿಡುತ್ತ ಇದ್ದಳು. ಸೀರೆಯ ಮೇಲೆ ಬಣ್ಣಬಣ್ಣದ ದಾರದ ತುಣುಕುಗಳು ಹಾಗೆಯೇ ಅಂಟಿಕೊಂಡಿದ್ದವು.

ಪರೀಕ್ಷೆಗಳೆಲ್ಲ ಮುಗಿದು ರಕ್ತ ಒಳಗೆ ಹೋಗಿ, ದಾದಿಯೊಬ್ಬಳು ಹೊರಬಂದು “ತಾಯಿ ಅರಾಮ ಅದಾಳ” ಎಂದಾಗ ಮಧ್ಯಾಹ್ನ ತಿರುಗಿತ್ತು. ಬಾಣಂತಿಯ ತಾಯಿ, ಮನೋಳಿಯ ಹೊಲದಿಂದ ನೇರ ಬಂದಂತಿದ್ದ ಮುದುಕಿ, ನನ್ನ ಕೈ ಹಿಡಿದುಕೊಂಡಳು. “ರಕ್ತ ಕೊಟ್ಟಾವ್ರು ಯಾರ್ರೀ ಯಪ್ಪಾ? ಹೆಸರರ ಹೇಳ್ರಿ.” ಎದುರಿನ ಬೆಂಚಿನ ಮೇಲೆ ಕೂತಿದ್ದ ಮಲ್ಲವ್ವ ನನ್ನತ್ತ ನೋಡಿ ತಲೆಯನ್ನು ಸಣ್ಣಗೆ ಅಲ್ಲಾಡಿಸಿದಳು. ಹೆಸರು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. “ಯಾರೋ ಪುಣ್ಯಾತ್ಮರು, ಅವ್ವ. ಹೇಳಬ್ಯಾಡ ಅಂದಾರ,” ಎಂದೆ.

ಮುದುಕಿ ಕಣ್ಣೊರೆಸಿಕೊಂಡು, ಖಾಲಿ ಇದ್ದ ಜಾಗವೆಂದು ಮಲ್ಲವ್ವನ ಪಕ್ಕದಲ್ಲೇ ಹೋಗಿ ಕೂತಳು. ಮುಂಜಾನೆಯಿಂದ ಬಿಚ್ಚದ ಬುತ್ತಿ ಬಿಚ್ಚಿದಳು. ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಅರ್ಧ ಮುರಿದು ಅವಳ ಕೈಗಿತ್ತಳು.

“ತಿನ್ನು ತಂಗಿ, ಮಾರಿ ಬಾಡೈತಿ ನಿಂದು. ಒಳಗ ನಿಮ್ಮವ್ರು ಯಾರ ಅದಾರ?”

ಮಲ್ಲವ್ವ ರೊಟ್ಟಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು.

“ಅದಾಳವ್ವ ಒಬ್ಬಾಕಿ,” ಎಂದಳು. “ಈಗ ಅರಾಮ ಆಗ್ಯಾಳ.”