ಬೋರ್ಡಕ್ಕ ಬರೆದ ಗೇಟು

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗೂ ಇತ್ತು. ಊರು ಅದನ್ನು ಯಾವತ್ತೋ ಮರೆತುಬಿಟ್ಟಿತು. ಅಂಗಡಿಗಳಿಗೆ ಬೋರ್ಡು ಬರೆಯುವವಳು, ಹಾಗಾಗಿ ಬೋರ್ಡಕ್ಕ. ಔಷಧಿ ಅಂಗಡಿಯಿಂದ ಹಿಡಿದು ಬೀಗ ರಿಪೇರಿಯವನ ಡಬ್ಬಿಯವರೆಗೆ ಆ ಬೀದಿಯಲ್ಲಿ ಅವಳ ಕುಂಚ ತಾಗದ ಜಾಗವಿಲ್ಲ. ಈಗೀಗ ಎಲ್ಲರೂ ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹೊಡೆಸಿ ತೂಗುಹಾಕುತ್ತಾರೆ. ಅಂಥ ಬೋರ್ಡು ಬಿಸಿಲಿಗೆ ಬಣ್ಣಗೆಟ್ಟು ನಿಂತಿದ್ದು ಕಂಡರೆ ಸಾಕು, ಅವಳಿಗೆ ಹಾಲು ಕುಡಿದಷ್ಟು ಸಂತೋಷ. ಇದು ಒಳ್ಳೆಯ ಗುಣವಲ್ಲ, ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು.

ಮುಚ್ಚಿಹೋಗಿದ್ದ ನೂಲಿನ ಗಿರಣಿಯ ಗೋದಾಮಿಗೆ ಸುಣ್ಣ ಬಳಿದು ಗ್ರಂಥಾಲಯ ಮಾಡಿದರು. ಗ್ರಂಥಪಾಲಕಿ ಕೈಕಟ್ಟಿ ಕೂರುವ ಜಾತಿಯಲ್ಲ. ಒಂದು ದಿನ ಬೋರ್ಡಕ್ಕನನ್ನು ಕರೆಸಿ, "ಗಿರಣಿ ಕಥೇನ ಚಿತ್ರದಲ್ಲಿ ಬರೀರಿ. ಕಾಮಿಕ್ಸಲ್ಲಿ ಚೌಕ ಚೌಕ ಇರುತ್ತಲ್ಲ, ಹಾಗೆ. ಆಮೇಲೆ ಪುಸ್ತಕ ಮಾಡೋಣ" ಎಂದಳು.

"ನಾನು ಅಕ್ಷರದವಳು ಕಣಮ್ಮ, ನನಗೆ ಮೂಗು ಬರೆಯೋಕೆ ಬರಲ್ಲ."

"ಬೆನ್ನು ಬರೀರಿ" ಎಂದಳು ಗ್ರಂಥಪಾಲಕಿ. ತಮಾಷೆಗೆ ಹೇಳಿದ್ದನ್ನು ಬೋರ್ಡಕ್ಕ ನಿಜವೆಂದೇ ತೆಗೆದುಕೊಂಡಳು. ಅವಳ ಚೌಕಗಳಲ್ಲಿ ಜನರೆಲ್ಲ ಬೆನ್ನು ತಿರುಗಿಸಿಯೇ ನಿಂತರು.

ಬೋರ್ಡಿನ ಕಸುಬಿನಲ್ಲಿ ಅವಳು ಕಲಿತ ಪಾಠವೊಂದಿತ್ತು: ಬಣ್ಣ ಒಣಗಿದ ಮೇಲೆಯೇ ಗಿರಾಕಿಯ ಕಣ್ಣಿಗೆ ತಪ್ಪು ಕಾಣುವುದು. ಅದಕ್ಕೆ ಮೊದಲು ಸೀಮೆಸುಣ್ಣದಲ್ಲಿ ಬರೆದು, ಗಿರಾಕಿಯ ಇಡೀ ಮನೆಮಂದಿಗೆ ತೋರಿಸಿ, ಆಮೇಲೆ ಡಬ್ಬಿ ತೆರೆಯುವವಳು. ಇಲ್ಲೂ ಅದೇ ಪದ್ಧತಿ. ಗೋದಾಮಿನ ಉದ್ದಕ್ಕೆ ತಂತಿ ಕಟ್ಟಿ, ದೊಡ್ಡ ದೊಡ್ಡ ಹಾಳೆಗಳನ್ನು ಬಟ್ಟೆ ಒಣಹಾಕಿದ ಹಾಗೆ ಕ್ಲಿಪ್ಪು ಹಾಕಿ ತೂಗಿಬಿಟ್ಟಳು. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಕೆಂಪು ಸೀಮೆಸುಣ್ಣ. ತಪ್ಪು ಕಂಡವರು ಯಾರು ಬೇಕಾದರೂ ತಿದ್ದಬಹುದು. ಇನ್ನೊಬ್ಬರು ಎಳೆದ ಗೆರೆಯನ್ನು ಮಾತ್ರ ಅಳಿಸುವಂತಿಲ್ಲ. ಬೋರ್ಡಕ್ಕನೂ ಅಳಿಸುವಂತಿಲ್ಲ.

ಜನ ಮುಗಿಬಿದ್ದರು. ಗಿರಣಿಯ ಚಿಮಣಿ ಬಂದವರ ಕೈಯಲ್ಲೆಲ್ಲ ಬೆಳೆದು ಬೆಳೆದು ಹಾಳೆ ದಾಟಿ ಗೋಡೆಗೆ ಹತ್ತಿತು. ಊಟದ ಕೋಣೆಯ ಗಡಿಯಾರ ಚಿತ್ರದಲ್ಲಿ ಮೂರು ಗೋಡೆಗಳ ಮೇಲೆ ಬಂದು ಕೂತಿತು. ಬರೆದ ಮೂವರೂ ತಮ್ಮ ಗೋಡೆಯೇ ಸರಿ ಎಂದು ಆಣೆ ಮಾಡಿ ಹೇಳಿದವರೇ. ಹಳೆಯ ಫಿಟ್ಟರೊಬ್ಬರು ಪ್ರತಿ ಚೌಕದಲ್ಲೂ ತಮ್ಮ ಟೋಪಿ ಬರೆದುಕೊಂಡರು. ಕೇಳಿದರೆ, "ನಾನು ಒಂದು ದಿನ ರಜೆ ಹಾಕಿದ ಮನುಷ್ಯ ಅಲ್ಲಮ್ಮ" ಎಂದು ಎದೆ ಉಬ್ಬಿಸಿದರು.

ಒಂದು ಹಾಳೆಯನ್ನು ಮಾತ್ರ ಬೋರ್ಡಕ್ಕ ಖಾಲಿ ಬಿಟ್ಟಿದ್ದಳು. ಅದು ಮುಷ್ಕರದ ಹಾಳೆ. ಗಿರಣಿಯ ಹೆಂಗಸರು ಗೇಟಿನ ಮುಂದೆ ಕೂತು ಕೆಲಸ ನಿಲ್ಲಿಸಿದ್ದು, ಕೊನೆಗೆ ಅವರಲ್ಲೊಬ್ಬಳು ಎದ್ದು ಒಳಗೆ ಹೋದದ್ದು, ಅವಳ ಹಿಂದೆ ಒಬ್ಬೊಬ್ಬರೇ ಹೋಗಿ ಮುಷ್ಕರ ಮುರಿದುಬಿದ್ದದ್ದು ಊರಿಗೆಲ್ಲ ಗೊತ್ತು. ಹಾಗೆ ಮೊದಲು ಹೋದವಳು ಬೋರ್ಡಕ್ಕನ ಅತ್ತೆ. ಇವತ್ತಿಗೂ ಅಂಗಡಿಯಲ್ಲಿ ಅವರ ಬೆನ್ನ ಹಿಂದೆ "ಒಳಗೆ ಹೋದವಳು" ಎನ್ನುತ್ತಾರೆ. ಅತ್ತೆ ಆ ವಿಷಯದಲ್ಲಿ ತುಟಿ ಬಿಚ್ಚಿದವರಲ್ಲ, ಸೊಸೆ ಕೆದಕಿದವಳಲ್ಲ. ಬರೆದರೆ ಮನೆಯವರ ಮರ್ಯಾದೆ ಬೀದಿಗೆ, ಬಿಟ್ಟರೆ ತನ್ನವರನ್ನು ಮುಚ್ಚಿಟ್ಟಳು ಎಂಬ ಮಾತು. ಬಿಸಿ ತುಪ್ಪದ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಖಾಲಿ ಹಾಳೆ ಎಷ್ಟು ದಿನ ಖಾಲಿ ಇರುತ್ತದೆ? ಒಂದು ಬೆಳಿಗ್ಗೆ ಹೋಗಿ ನೋಡಿದರೆ ಯಾರೋ ಕೆಂಪು ಸೀಮೆಸುಣ್ಣದಲ್ಲಿ ಗೇಟು ಬರೆದಿದ್ದರು. ಇನ್ಯಾರೋ ಗೇಟಿನೊಳಗೆ ಕಾಲಿಡುವ ಹೆಂಗಸನ್ನು ಬರೆದಿದ್ದರು. ಮತ್ಯಾರೋ ಅವಳಿಗೆ ಶಾಲು ಹೊದಿಸಿದ್ದರು. ಅದು ಅತ್ತೆಯದೇ ಶಾಲು, ಅಂಚಿನ ಪಟ್ಟೆ ಸಹಿತ. ತಾನೇ ಮಾಡಿದ ನಿಯಮ, ಅಳಿಸುವ ಹಾಗಿಲ್ಲ. ಹಾಳೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ನೇರ ಮನೆಗೆ ಬಂದಳು. ಒಲೆಗೆ ಹಾಕಿಬಿಡುವುದೆಂದೇ ಬಂದಿದ್ದಳು.

ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದರು. "ಏನೇ ಅದು, ಕಳ್ಳಿ ಹಾಗೆ ಒಳಗೆ ತರ್ತಿದ್ದೀಯ?"

ಅತ್ತೆಗೆ ಸುಳ್ಳು ಹೇಳಿ ದಕ್ಕಿಸಿಕೊಂಡ ಸೊಸೆಯಲ್ಲ ಅವಳು. ಹಾಳೆ ಮೇಜಿನ ಮೇಲೆ ಬಿಚ್ಚಿಕೊಂಡಿತು. ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಸುಟ್ಟುಬಿಡ್ತೀನಿ ಅತ್ತೆ."

"ಯಾಕೆ? ನಾನು ಹೋಗಿದ್ದು ಹೌದು ತಾನೆ."

ಇಷ್ಟು ವರ್ಷ ಗಂಟಲಲ್ಲಿದ್ದ ಪ್ರಶ್ನೆ ಬೋರ್ಡಕ್ಕನ ಬಾಯಿಂದ ತಾನಾಗಿ ಹೊರಬಿತ್ತು. "ಯಾಕೆ ಹೋದ್ರಿ?"

"ಮನೇಲಿ ಒಲೆ ಹಚ್ಚಿರ್ಲಿಲ್ಲ. ನಿನ್ನ ಗಂಡ ಎಳೇ ಕೂಸು, ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು." ಅತ್ತೆ ದಾರ ಕಚ್ಚಿ ಕತ್ತರಿಸಿದರು. "ಅವರ ಮನೆಗಳಲ್ಲೂ ಹಚ್ಚಿರ್ಲಿಲ್ಲ. ಅವರು ತಡ್ಕೊಂಡ್ರು. ನನ್ನ ಕೈಲಿ ಆಗ್ಲಿಲ್ಲ, ಅಷ್ಟೆ."

ಬೋರ್ಡಕ್ಕನಿಗೆ ಅಳು ಬಂತು. ಅತ್ತೆಗೆ ಬರಲಿಲ್ಲ. ಅವರು ಹಾಳೆಯ ಮೇಲೆ ಬೆರಳಿಟ್ಟು, "ಆದ್ರೆ ಇದು ನಾನು ನೋಡಿದ್ದಲ್ಲ. ನನ್ನ ಬೆನ್ನು ನೋಡಿದ್ದು ಅವರು. ನಾನು ಒಳಗೆ ಹೋಗಿ ಒಂದು ಸಲ ತಿರುಗಿದೆ. ಸರಳಿನ ಆಚೆ ಅಷ್ಟೂ ಮುಖ. ಅಲ್ಲಿಂದ ಬರಿ" ಎಂದರು.

"ನನಗೆ ಮುಖ ಬರಲ್ಲ ಅತ್ತೆ."

"ನನಗೆ ಬರುತ್ತೆ. ನಾನು ಹೇಳ್ತೀನಿ, ನೀನು ಎಳಿ."

ಹೇಳಿದರು ಕೂಡ, ಬೋರ್ಡಕ್ಕ ಹೊಸ ಹಾಳೆಯ ಮೇಲೆ ಎಳೆದಳು. ಯಾರ ಗಲ್ಲ ಚೂಪು, ಯಾರ ಹುಬ್ಬು ಕೂಡಿತ್ತು, ಯಾರು ಹಲ್ಲು ಕಚ್ಚಿದ್ದರು, ಯಾರು ಉಗಿಯಲು ತುಟಿ ಮುಂದೆ ಮಾಡಿದ್ದರು, ಎಲ್ಲ. ಮೂಗುಗಳು ಸೊಟ್ಟಗಾದವು. ಆದರೆ ಕಣ್ಣುಗಳು ಬಂದವು, ಬೆಂಕಿ ಕಾರುವ ಕಣ್ಣುಗಳು. ಬರೆಯುತ್ತ ಬರೆಯುತ್ತ ಬೋರ್ಡಕ್ಕನಿಗೇ ಆ ಸರಳುಗಳ ಹಿಂದೆ ನಿಂತ ಹಾಗೆ ಬೆವರಿತು.

ಎರಡೂ ಹಾಳೆಗಳನ್ನು ತಂತಿಗೆ ಅಕ್ಕಪಕ್ಕ ತೂಗಿದಳು. ಕೆಂಪು ಸೀಮೆಸುಣ್ಣದ ಬೆನ್ನು ಒಂದರಲ್ಲಿ, ಮುಖಗಳು ಇನ್ನೊಂದರಲ್ಲಿ. ಆವತ್ತು ಅತ್ತೆಯೂ ಬಂದರು, ಗಿರಣಿ ಮುಚ್ಚಿದ ಮೇಲೆ ಮೊದಲ ಸಲ. ಗೋಡೆ ಪಕ್ಕದ ಬೆಂಚಿನ ಮೇಲೆ ಕೂತರು.

ಗಿರಣಿಯ ಹಳೆಯ ಹೆಂಗಸರು ಮಾತಾಡುತ್ತ ಒಳಗೆ ಬಂದವರು ಆ ಹಾಳೆಯ ಮುಂದೆ ನಿಂತುಬಿಟ್ಟರು. ಒಬ್ಬಳು, "ನಾನು ಹೀಗೆ ನೋಡಿದ್ನಾ?" ಎಂದು ತನ್ನಷ್ಟಕ್ಕೆ ಕೇಳಿಕೊಂಡಳು. ಫಿಟ್ಟರು ಒಮ್ಮೆ ಕಣ್ಣಾಡಿಸಿ, "ಆವತ್ತು ನಾನು ರಜೆ" ಎಂದು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಕೊನೆಗೆ ಬಾಬಿನಕ್ಕ ಮುಂದೆ ಬಂದಳು. ನೂಲು ಸುತ್ತುವ ಬಾಬಿನ್ ವಿಭಾಗದಲ್ಲಿ ಅತ್ತೆಯ ಪಕ್ಕದ ಯಂತ್ರ ಅವಳದು; ಒಂದೇ ಡಬ್ಬಿಯಲ್ಲಿ ಉಂಡವರು. ಮುಷ್ಕರ ಮುರಿದ ದಿನದಿಂದ ಅತ್ತೆ ಎದುರಾದರೆ ಬೀದಿಯ ಆಚೆ ಬದಿಗೆ ಹೋಗಿಬಿಡುತ್ತಿದ್ದಳು. ಅವಳು ಕೆಂಪು ಸೀಮೆಸುಣ್ಣ ಕೈಗೆತ್ತಿಕೊಂಡು ಒಂದೊಂದೇ ಮುಖ ಹುಡುಕಿದಳು. ಆಮೇಲೆ ಬೆಂಚಿನ ಕಡೆ ತಿರುಗದೆಯೇ, "ನಾನೆಲ್ಲಿ?" ಎಂದಳು.

"ಎರಡನೇ ಸಾಲು, ಎಡಗಡೆ" ಎಂದರು ಅತ್ತೆ.

ಅಲ್ಲಿ ಬಗ್ಗಿದ ತಲೆಯೊಂದಿತ್ತು. ಬರೀ ಬೈತಲೆ ಕಾಣುತ್ತಿತ್ತು.

"ಮುಖಾನೇ ಇಲ್ವಲ್ಲ."

"ನೀನು ತಲೆ ಎತ್ತಲಿಲ್ಲ. ಎಲ್ಲರೂ ನನ್ನ ನೋಡಿದ್ರು, ನೀನೊಬ್ಳು ನೆಲ ನೋಡ್ತಿದ್ದೆ. ಅದೊಂದು ನೆನಪು ಇಟ್ಕೊಂಡೇ ಇಷ್ಟು ದಿನ ಈ ಊರಲ್ಲಿದ್ದೆ."

ಬಾಬಿನಕ್ಕನ ಕೈ ಹಾಳೆಯ ಹತ್ತಿರ ಹೋಗಿ ನಿಂತಿತು.

"ನೋಡಿದ್ದಿದ್ರೆ ನಾನೂ ಆಗ್ಲೇ ಎದ್ದು ನಿನ್ನ ಹಿಂದೆ ಬಂದ್ಬಿಡ್ತಿದ್ದೆ ಕಣೆ" ಎಂದಳು ಬಾಬಿನಕ್ಕ. "ಆ ಹೆದರಿಕೆಗೇ ನೋಡ್ಲಿಲ್ಲ."

ಅವಳು ಏನನ್ನೂ ತಿದ್ದಲಿಲ್ಲ. ಸೀಮೆಸುಣ್ಣವನ್ನು ದಾರಕ್ಕೆ ಬಿಟ್ಟು, ಬೆಂಚಿನ ಹತ್ತಿರ ಬಂದು, "ಜಾಗ ಬಿಡು, ಮಂಡಿ ನೋವು" ಎಂದಳು. ಅತ್ತೆ ಜಾಗ ಬಿಟ್ಟರು.