ಬಿದಿರು ತಿರುವಿನಲ್ಲಿ ಎಂಜಿನ್ ಆಫ್

ಸಂಜೆ ಕಾಫಿ ಲೋಟ ತೊಳೆಯುವ ಹೊತ್ತಿಗೆ ನನ್ನ ಮೈ ಅಡುಗೆಮನೆಯಲ್ಲಿದ್ದರೂ ಕಿವಿ ಅಂಗಳಕ್ಕೆ ಹೋಗಿ ನಿಂತಿರುತ್ತದೆ. ಮಗ ಸಕಲೇಶಪುರದಲ್ಲಿ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ಬಿಸಿಲೆ ರಸ್ತೆಯಲ್ಲಿ ಬೈಕಿನಲ್ಲಿ ಬರಬೇಕು. ಹೊಂಗಡಹಳ್ಳ ದಾಟಿದ ಮೇಲೆ ಒಂದು ಏರು, ಏರಿನ ತುದಿಗೆ ಬಿದಿರು ತಿರುವು, ಅದನ್ನು ಬಳಸಿ ಬಂದರೆ ನಮ್ಮ ಮನೆ. ಆ ತಿರುವಿನಲ್ಲಿ ಈಗ ಬಿದಿರಿಲ್ಲ. ಹೂ ಬಿಟ್ಟು ಒಣಗಿ ಹೋಯಿತು. ಹೆಸರು ಉಳಿದಿದೆ, ಆನೆಗಳೂ ಉಳಿದಿವೆ.

ಅಲ್ಲಿ ನಮ್ಮ ಕಡೆಯವರದೊಂದು ಪದ್ಧತಿ. ತಿರುವು ಇನ್ನೂ ಸ್ವಲ್ಪ ದೂರ ಇರುವಾಗಲೇ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡುತ್ತೇವೆ. ಕಿವಿ ಕೊಡುತ್ತೇವೆ. ಕೊಂಬೆ ಲಟಕ್ಕೆಂದರೆ ಅಲ್ಲೇ ನಿಲ್ಲುವುದು, ಇಲ್ಲವಾದರೆ ಸ್ಟಾರ್ಟ್ ಮಾಡಿ ಹೊರಡುವುದು. ಬೋರ್ಡ್ ಹಾಕಿ ಯಾರೂ ಕಲಿಸಿದ್ದಲ್ಲ. ಡೈರಿಗೆ ಹಾಲು ಹಾಕಲು ಸ್ಕೂಟರ್ ಕಲಿತಾಗ ನನಗೆ ನನ್ನ ಗಂಡ ಬ್ರೇಕಿಗಿಂತ ಮೊದಲು ಹೇಳಿಕೊಟ್ಟದ್ದು ಇದನ್ನೇ. ಈಗ ಬೆಳಿಗ್ಗೆ ಮೊಬೈಲ್ ಗುಂಪಿಗೆ ಆನೆ ಎಲ್ಲಿದೆಯೆಂದು ಸಂದೇಶ ಬರುತ್ತದೆ, ಒಳ್ಳೆಯದೇ. ಆದರೆ ಮಧ್ಯಾಹ್ನ ಎತ್ತ ಹೊರಟೆ ಎಂದು ಆನೆ ಯಾರಿಗೂ ಹೇಳಿ ಹೋಗುವುದಿಲ್ಲ.

ಮಗನ ಬೈಕು ಅವನಪ್ಪನ ಹಳೇ ಟೂ ಸ್ಟ್ರೋಕ್. ಕೊಟ್ಟಿಗೆಯಲ್ಲಿ ಕೋಳಿ ಕೂರುತ್ತಿದ್ದ ಗಾಡಿ. ಅದನ್ನು ಎಬ್ಬಿಸುತ್ತೇನೆ ಎಂದಾಗ ನನಗೆ ಖುಷಿಯಾಗಿತ್ತು. ಎಬ್ಬಿಸಿದವನು ಅಷ್ಟಕ್ಕೆ ಬಿಡಲಿಲ್ಲ. ಆಲೂರಿನ ಗೆಳೆಯನ ಲೇಥ್‌ನಲ್ಲಿ ಬೋರ್ ಮಾಡಿಸಿ, ಅಂದರೆ ಎಂಜಿನ್ನಿನ ಒಳಗನ್ನು ಅಗಲವಾಗಿ ಕೊರೆಸಿ, ದೊಡ್ಡ ಪಿಸ್ಟನ್ ಕೂರಿಸಿದ. ಎಂಜಿನ್ನಿನ ಮೇಲ್ಮುಚ್ಚಳ ಹೆಡ್ ಉಜ್ಜಿಸಿದ. ಸೈಲೆನ್ಸರಿನ ಒಳಗಿದ್ದ ಸದ್ದು ತಡೆಯುವ ಕೊಳವೆ ಕಿತ್ತೆಸೆದ. ಭಾನುವಾರವೆಲ್ಲ ಜಗಲಿಯ ಮೇಲೆ ನಟ್ಟು ಬೋಲ್ಟು, ನನ್ನ ಒಳ್ಳೆಯ ಸೀರೆ ಹರಿದು ಮಾಡಿದ ಒರೆಸುಬಟ್ಟೆ, ಮನೆ ತುಂಬ ಪೆಟ್ರೋಲ್ ವಾಸನೆ.

ಹಾಗಂತ ಅವನು ಪೋಕರಿಯಲ್ಲ. ಮಂಡಿಗೆ ಕಾಪು, ಕೈಗೆ ಗವಸು, ಗಲ್ಲ ಮುಚ್ಚುವ ಹೆಲ್ಮೆಟ್ಟು ಇಲ್ಲದೆ ಗೇಟು ದಾಟುವವನಲ್ಲ. ಡೈರಿಗೆ ಬರಿತಲೆಯಲ್ಲಿ ಹೊರಟರೆ ನನಗೇ ಪಾಠ ಮಾಡುತ್ತಾನೆ. ಸದ್ದಿನ ವಿಷಯ ತೆಗೆದರೆ ಅದಕ್ಕೂ ಉತ್ತರ ಸಿದ್ಧ: "ಸದ್ದು ಇದ್ರೇ ಸೇಫು ಕಣಮ್ಮ. ಎದ್ರುಗಡೆ ಬರೋನಿಗೆ ಮೊದ್ಲೇ ಗೊತ್ತಾಯ್ತದೆ."

ನಾನು ಬೈದೆ. ಅಕ್ಕಪಕ್ಕದ ತೋಟದವರೂ ಬೈದರು. ಆದರೆ ಒಳಗೊಳಗೆ ಆ ಸದ್ದು ನನಗೆ ರೂಢಿಯಾಗಿ ಹೋಯಿತು. ಕಣಿವೆಯ ಆಚೆಯಿಂದಲೇ ಕೇಳಿಸುತ್ತಿತ್ತು. ಸೇತುವೆ ದಾಟಿದ, ಏರು ಹತ್ತಿದ, ತಿರುವು ಬಂತು, ಮನೆ ಬಂತು. ಎಲ್ಲೂ ತುಂಡಾಗದ ಒಂದೇ ಸದ್ದು. ಅದನ್ನು ಕೇಳುತ್ತಲೇ ನಿರಾಳವಾಗಿ ಅನ್ನಕ್ಕೆ ಇಡುತ್ತಿದ್ದೆ.

ಕಳೆದ ಕೊಯ್ಲಿನ ಸಮಯದಲ್ಲಿ ಪೇಟೆಗೆ ಹೋಗಿದ್ದಾಗ ನನ್ನ ಸ್ಕೂಟರ್ ಕೈಕೊಟ್ಟಿತು. ಅದನ್ನು ಗ್ಯಾರೇಜಿನಲ್ಲಿ ಬಿಟ್ಟು ಮಗನ ಹಿಂದೆ ಕೂತೆ. ಇನ್ನೂ ಬಿಸಿಲಿತ್ತು. ಆ ಸೀಟಿನಲ್ಲಿ ಕೂತ ಮೇಲೆ ಗೊತ್ತಾಯಿತು, ಮನೆಯಂಗಳದಲ್ಲಿ ಕೇಳುವ ಸದ್ದೇ ಬೇರೆ, ಇದೇ ಬೇರೆ. ಲೋಕವೆಲ್ಲ ಮಾಯವಾಗಿ ಎಂಜಿನ್ ಒಂದೇ ಉಳಿದಂತೆ. ಏರು ಹತ್ತಿದೆವು. ಈಗ ನಿಲ್ಲಿಸುತ್ತಾನೆ ಎಂದುಕೊಂಡು ಕಾಲು ಊರಲು ಸಿದ್ಧವಾದೆ. ಅವನು ಗೇರ್ ಇಳಿಸಿ ಇನ್ನಷ್ಟು ಎಳೆದ.

"ಆಫ್ ಮಾಡೋ!" ಎಂದು ಕಿರುಚಿದೆ. ಬೆನ್ನಿಗೆ ಗುದ್ದಿದೆ. ತಿರುವಿಗೆ ಹೆದರಿದ್ದೇನೆ ಎಂದುಕೊಂಡನೋ ಏನೋ, ಎಡಗೈಯಿಂದ ನನ್ನ ಮಂಡಿ ತಟ್ಟಿ ಧೈರ್ಯ ಹೇಳಿದ!

ತಿರುಗಿದೆವು. ರಸ್ತೆಯಲ್ಲಿ ಆನೆ ನಿಂತಿತ್ತು. ಹೆಣ್ಣಾನೆ, ಕಾಲ ಸಂದಿಯಲ್ಲಿ ಮರಿ.

ಅವನು ಬ್ರೇಕ್ ಒತ್ತಿದ. ಹಿಂದಿನ ಚಕ್ರ ಜಾರಿ ಬೈಕು ಅಡ್ಡ ನಿಂತು ಆಫ್ ಆಯಿತು. ಆಮೇಲೆ ಸದ್ದುಗಳೆಲ್ಲ ಒಟ್ಟಿಗೆ ಬಂದು ಮೈಮೇಲೆ ಬಿದ್ದವು. ತಾಯಾನೆಯ ಉಸಿರು. ಕೆಳಗಿನ ತೋಟದಲ್ಲಿ ಲಟಲಟ ಮುರಿಯುತ್ತಿದ್ದ ಸಿಲ್ವರ್ ಮರದ ಕೊಂಬೆಗಳು, ಅಂದರೆ ಅಲ್ಲಿ ಇನ್ನೂ ಆನೆಗಳಿವೆ. ರಸ್ತೆ ಬದಿಯ ಎತ್ತರದ ದರೆಯ ಮೇಲೆ ನಿಂತ ಕಾಫಿ ಕುಯ್ಯುವ ಹೆಂಗಸರ ಕೂಗು: "ಆನೆ ಐತೆ, ಬರ್ಬ್ಯಾಡ್ರೋ! ಆಗಿಂದ ಬಡ್ಕತಾ ಇದೀವಲ್ರೋ!"

ಅವರು ನಾವು ಏರು ಹತ್ತುವಾಗಿನಿಂದಲೂ ಕೂಗುತ್ತಿದ್ದರು.

ಮಗ ಕಿಕ್ಕರ್ ಹೊಡೆದ. ಹಿಡಿಯಲಿಲ್ಲ. ಮತ್ತೆ ಹೊಡೆದ. ಹೊಡೆದ ಹಾಗೆಲ್ಲ ತಾಯಾನೆಯ ಕಿವಿ ಅಗಲವಾಯಿತು. ನಾನು ಇಳಿದು ಅವನ ತೋಳು ಹಿಡಿದೆ. "ಕಿಕ್ಕರ್ ಬುಡು. ತಿರುಗ್ಸು, ಇಳಿಜಾರೈತೆ" ಎಂದೆ. ನನ್ನ ಬಾಯಿಂದ ಅಷ್ಟು ಮೆತ್ತಗಿನ ಮಾತು ಹೇಗೆ ಬಂತೋ ದೇವರೇ ಬಲ್ಲ. ಅವನು ಬೈಕು ತಿರುಗಿಸಿದ, ನಾನು ಹಿಂದಿನಿಂದ ಎರಡು ಹೆಜ್ಜೆ ದಬ್ಬಿ ಹತ್ತಿ ಕೂತೆ. ನ್ಯೂಟ್ರಲ್‌ನಲ್ಲಿ ಗಾಡಿ ಸದ್ದಿಲ್ಲದೆ ಇಳಿಯಿತು. ಹಿಂದೆ ಹೆಜ್ಜೆ ಕೇಳಿಸುತ್ತಿದೆಯೇ ಎಂದು ಆಲಿಸುತ್ತಲೇ ಇಳಿದೆ. ನನ್ನ ಎದೆ ಬಡಿತದ ಮಧ್ಯೆ ಏನೂ ಗೊತ್ತಾಗಲಿಲ್ಲ.

ಕೆಳಗೆ ಮೋರಿಯ ಹತ್ತಿರ ನಿಂತ ಮೇಲೆ ಅವನ ತಲೆಗೆ ಬೀಸಿ ಹೊಡೆದೆ. ಹೆಲ್ಮೆಟ್ಟಿಗೆ ಬಿದ್ದು ನನ್ನ ಕೈಯೇ ಊದಿತು.

"ಯಾಕೋ ಆಫ್ ಮಾಡ್ಲಿಲ್ಲ? ಚಿಕ್ಕೋನಿಂದ ಗೊತ್ತಿಲ್ವೇನೋ ನಿಂಗೆ?"

ಅವನು ಹೆಲ್ಮೆಟ್ಟು ಕಳಚಿ ಟ್ಯಾಂಕಿನ ಮೇಲಿಟ್ಟ. ಆಮೇಲೆ ಹೇಳಿದ: "ಏರು ಹತ್ತಿ ಬಿಸಿ ಆದ್ಮೇಲೆ ಆಫ್ ಮಾಡಿದ್ರೆ ಇದು ಸ್ಟಾರ್ಟ್ ಆಗಾಕಿಲ್ಲ ಅಮ್ಮ. ಆರೋಗಂಟ ಕಾಯ್ಬೇಕು. ಅಲ್ಲಿ ಒಬ್ನೇ ನಿಂತ್ಕಳೋಕೆ ಭಯ ಆಯ್ತದೆ. ಅದ್ಕೇ ನಿಲ್ಸಾದೇ ಬಿಟ್ಬುಟ್ಟೆ."

"ಯಾವಾಗಿಂದ?"

"ಬೋರ್ ಮಾಡ್ಸಿದಾಗಿಂದ."

ಮಳೆಗಾಲ ಪೂರ್ತಿ, ದಿನಾ ಸಂಜೆ, ಕೇಳದೆ ಕಾಣದೆ ಅವನು ಆ ತಿರುವಿನೊಳಗೆ ನುಗ್ಗಿದ್ದ. ನಾನು ಒಲೆಯ ಮುಂದೆ ನಿಂತು, ಎಲ್ಲೂ ತುಂಡಾಗದ ಅದೇ ಸದ್ದನ್ನು ಕೇಳಿ, ಮಗ ಕ್ಷೇಮವಾಗಿ ಬಂದ ಎಂದು ಅಕ್ಕಿ ತೊಳೆದಿದ್ದೆ. ತಿರುವಿನಲ್ಲಿ ಒಮ್ಮೆ ತುಂಡಾಗಬೇಕಿದ್ದ ಸದ್ದು ಅದು. ದಿನಾ ಅಲ್ಲೇ ನಿಲ್ಲಿಸಿ ಬರುವ ನನಗೇ ಅದು ಹೊಳೆಯಲಿಲ್ಲ. ಅವತ್ತು ಮಗನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಕಿವಿಯ ಮೇಲಿನದು.

ಆನೆಗಳು ಕೆಳಗಿನ ತೋಟಕ್ಕೆ ಇಳಿದವೆಂದು ಹೆಂಗಸರು ಕೂಗಿ ಹೇಳಿದ ಮೇಲೆ ಹೊರಟೆವು. ಅಷ್ಟರಲ್ಲಿ ಎಂಜಿನ್ನಿನ ಬಿಸಿ ಆರಿತ್ತು. ಮೊದಲ ಕಿಕ್ಕಿಗೇ ಸ್ಟಾರ್ಟ್ ಆಯಿತು, ದರಿದ್ರದ್ದು.

ಮುಂದಿನ ಭಾನುವಾರ ಅವನು ತಾನಾಗಿಯೇ ಎಂಜಿನ್ ಬಿಚ್ಚಿದ. ಅಟ್ಟದ ಮೇಲಿದ್ದ ಹಳೆಯ ಬ್ಲಾಕು, ಹೆಡ್ಡು, ಸೈಲೆನ್ಸರು ಇಳಿಸಿದ. ನಾನು ಇನ್ನೊಂದು ಹಳೇ ಸೀರೆ ತಂದು ಕೊಟ್ಟೆ. ಗೆಳೆಯರು ಇದನ್ನು ನೋಡಿ 'ಹಾಲಿನ ಗಾಡಿ' ಎಂದು ನಗುತ್ತಾರಂತೆ. ಹೇಳುವಾಗ ಅವನ ಮುಖ ಸಣ್ಣದಾಗುತ್ತದೆ. ಮತ್ತೆ ಯಾವತ್ತು ಲೇಥಿಗೆ ಹೊರಡುತ್ತಾನೋ, ಯಾರು ಕಂಡಿದ್ದಾರೆ. ವಯಸ್ಸು ಅಂಥದ್ದು.

ನನ್ನ ಕಿವಿಗಂತೂ ಮೊದಲಿಗಿಂತ ಕಷ್ಟವಾಗಿದೆ. ಸೇತುವೆ, ಏರು, ಯಾವುದೂ ಕೇಳಿಸುವುದಿಲ್ಲ. ಗಾಡಿ ತಿರುವಿನ ಹತ್ತಿರಕ್ಕೆ ಬಂದ ಮೇಲೆ ಸಣ್ಣಗೆ ಗುರ್ ಎನ್ನುತ್ತದೆ, ಅದೂ ಗಾಳಿ ಈ ಕಡೆಗಿದ್ದರೆ. ನಿನ್ನೆಯೂ ಹಾಗೇ ಆಯಿತು. ಅಕ್ಕಿ ತೊಳೆದ ನೀರು ಚೆಲ್ಲಲು ಅಂಗಳಕ್ಕೆ ಬಂದಿದ್ದೆ. ಸದ್ದು ಹತ್ತಿರವಾಗಿ, ತಿರುವಿನ ಈಚೆಗೆ ಬರುವ ಮೊದಲೇ ನಿಂತುಹೋಯಿತು. ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಡಲೂ ಆಗದೆ ನಿಂತೆ. ಜಗಲಿಯಲ್ಲಿ ತೂಕಡಿಸುತ್ತಿದ್ದ ಗಂಡ ಗಾಬರಿಯಿಂದ ಎದ್ದರು.

"ಏನಾಯ್ತೇ? ಯಾಕೆ ನಿಂತೋಯ್ತು?"

"ಸುಮ್ನಿರ್ರೀ," ಎಂದೆ. "ಅವ್ನು ಕೇಳಿಸ್ಕತಾವ್ನೆ."